ಹೆಂಗಸರಿಗೆ ಜೋರಾಗಿ ಬರುವುದಿಲ್ಲ ಎಂದಿದ್ದೆ

ಎಕ್ಸ್‌ರೇ ತೆಗೆಯುವವರಿಗೆ ಕಲಿಸುವ ಮೊದಲ ಪಾಠ ಯಂತ್ರದ್ದಲ್ಲ, ಬಾಯಿಯದು. ಫಿಲ್ಮಿನಲ್ಲಿ ಏನು ಕಂಡರೂ ರೋಗಿಗೆ ಹೇಳಬಾರದು, ಮುಖದ ಮೇಲೂ ತೋರಿಸಬಾರದು. ಡಾಕ್ಟರು ಹೇಳುತ್ತಾರೆ ಎಂದು ಮುಂದಿನವರನ್ನು ಕರೆಯಬೇಕು. ಇಪ್ಪತ್ತು ವರ್ಷ ನಾನು ಈ ನಿಯಮ ಮುರಿಯಲಿಲ್ಲ. ಮುರಿದದ್ದು ಒಂದೇ ಸಲ, ಅದೂ ನಾನು ಫಿಲ್ಮ್ ತೆಗೆಯದೇ ಬಿಟ್ಟ ಒಂದು ಎದೆಯ ಬಗ್ಗೆ.

ನಾನು ಧಾರವಾಡದಲ್ಲಿ ಬೆಳೆದು, ಮದುವೆಯಾಗಿ ಪುಣೆಗೆ ಬಂದವಳು. ಕೋಥರೂಡದ ಒಂದು ಸೊಸೈಟಿಯ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಗಂಡನಿಗೆ ವಿಮೆ ಕಚೇರಿಯಲ್ಲಿ ನೌಕರಿ. ನನಗೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದೂರದ ಆಸ್ಪತ್ರೆಯಲ್ಲಿ. ಕೋವಿಡ್‌ನ ಎರಡನೆಯ ಅಲೆ ಬಂದಾಗ ನಮ್ಮ ಕೋಣೆಗೆ ರೋಗಿಗಳು ಬರುವುದು ನಿಂತು, ಯಂತ್ರವೇ ರೋಗಿಗಳ ಹತ್ತಿರ ಹೋಗತೊಡಗಿತು. ಗಾಲಿಯ ಮೇಲಿನ ಆ ಯಂತ್ರವನ್ನು ಮಂಚದಿಂದ ಮಂಚಕ್ಕೆ ತಳ್ಳುತ್ತಿದ್ದೆ. ಪ್ಲಾಸ್ಟಿಕ್ಕಿನ ಕಿಟ್ಟಿನೊಳಗೆ ಬೆವರು ಪಾದದವರೆಗೆ ಇಳಿಯುತ್ತಿತ್ತು. ರೋಗಿಯ ಬೆನ್ನ ಕೆಳಗೆ ಪ್ಲೇಟು ಸರಿಸಿ, ಉಸಿರು ತೆಗೆದುಕೊಂಡು ಹಿಡಿದಿಟ್ಟುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಬೇಕು. ಹಿಡಿದಿಟ್ಟುಕೊಳ್ಳಲು ಉಸಿರೇ ಇಲ್ಲದವರಿಗೆ ಹಾಗೆ ಹೇಳುವಾಗ ನಾಚಿಕೆಯಾಗುತ್ತಿತ್ತು.

ಫಿಲ್ಮಿನಲ್ಲಿ ಗಾಳಿ ಕಪ್ಪಾಗಿ ಕಾಣುತ್ತದೆ. ಒಳ್ಳೆಯ ಎದೆಯೆಂದರೆ ಪಕ್ಕೆಲುಬುಗಳ ಹಿಂದೆ ಎರಡು ಕಡೆಯೂ ಸ್ವಚ್ಛ ಕಪ್ಪು. ಸೋಂಕು ಕೂತಲ್ಲಿ ಬಿಳಿ. ಆ ದಿನಗಳಲ್ಲಿ ನಾನು ತೆಗೆದ ಫಿಲ್ಮುಗಳಲ್ಲಿ ಬಿಳಿ ಅಂಚುಗಳಿಂದ ಹೊರಟು ಒಳಗೆ ಬರುತ್ತಿತ್ತು, ಮರುದಿನ ಇನ್ನಷ್ಟು ಒಳಗೆ. ಎರಡನೆಯ ವಾರದ ಹೊತ್ತಿಗೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಪೂರ್ತಿ ಬಿಳಿಯಾದ ಎದೆಗಳ ಮೇಲೆ ಬರೆಯುವ ಹೆಸರುಗಳು ಹೆಚ್ಚಾಗಿ ಗಂಡಸರವು. ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರ ಫೋರ್‌ಮನ್ ಒಬ್ಬರು ಬಂದರು, ತೋಳು ನನ್ನ ತೊಡೆಯಷ್ಟು ದಪ್ಪ. ಅವರಿಗೂ ಅವರ ಹೆಂಡತಿಗೂ ಜ್ವರ ಬಂದದ್ದು ಒಂದೇ ದಿನ. ಹೆಂಡತಿ ತನ್ನ ಕಾಲ ಮೇಲೆ ನಡೆದು ಬಂದು ಫಿಲ್ಮ್ ತೆಗೆಸಿಕೊಂಡರು. ಗಂಡನನ್ನು ನಾಲ್ಕು ಜನ ಹಿಡಿದು ಹೊರಳಿಸಬೇಕಾಯಿತು. ಐದನೆಯ ದಿನ ಆ ಹೆಂಡತಿ ಕಾರಿಡಾರಿನಲ್ಲಿ ಗಂಡನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಯಾರಾದರೂ ಬಂದು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ನಾನು ಯಂತ್ರ ತಳ್ಳಿಕೊಂಡು ಪಕ್ಕದಿಂದ ಹೋದೆ. ಹೇಳುವುದು ನನ್ನ ಕೆಲಸವಲ್ಲವಲ್ಲ.

ಆ ಏಪ್ರಿಲ್‌ನಲ್ಲಿ ನಮ್ಮ ಮನೆಗೂ ಬಂತು. ತಂದವಳು ನಾನೇ ಇರಬೇಕು. ಮೊದಲ ದಿನವೇ ನನಗೆ ಮೈ ಕಾದ ಹಂಚಿನಂತಾಯಿತು. ಕೀಲುಕೀಲೂ ನೋವು, ಹೊದಿಕೆ ಮುಟ್ಟಿದರೂ ನೋವು. ನನ್ನ ಗಂಡನಿಗೆ ಜ್ವರವೇ ಇಲ್ಲ, ಒಂದಿಷ್ಟು ಒಣಕೆಮ್ಮು ಅಷ್ಟೇ. ಇವರೇ ಗಂಜಿ ಮಾಡಿ ಕೊಟ್ಟರು, ನನ್ನ ನರಳಾಟ ನೋಡಿ ನಕ್ಕರು. "ಆಸ್ಪತ್ರ್ಯಾಗ ಇರಾಕಿ ನೀನು, ನಮ್ಮಂಗ ಗಟ್ಟಿ ಇಲ್ಲ ನೋಡು," ಎಂದರು. ನಾಲ್ಕನೆಯ ದಿನ ನಾನು ಎದ್ದು ಬಟ್ಟೆ ಒಗೆದೆ. ಎಂಟನೆಯ ದಿನ ಇವರು ಬಚ್ಚಲಿನಿಂದ ಮಂಚದವರೆಗೆ ಬರಲಾಗದೆ ಗೋಡೆ ಹಿಡಿದು ನಿಂತರು. ಬೆರಳಿಗೆ ಹಾಕುವ ಯಂತ್ರದಲ್ಲಿ ಅಂಕಿ ನೋಡಿ ನಾನು ಕಾರಿನ ಕೀಲಿ ಹುಡುಕಿದೆ.

ಇವರ ಫಿಲ್ಮನ್ನು ನಾನೇ ತೆಗೆದೆ. ಅದು ಹೇಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಒಂಬತ್ತು ದಿನ ಆಮ್ಲಜನಕದ ಮೇಲಿದ್ದು ಬದುಕಿ ಬಂದರು.

ನಮ್ಮ ಎದೆರೋಗದ ಡಾಕ್ಟರು ಬೆಳಗಾವಿಯವರು, ನನಗಿಂತ ಐದಾರು ವರ್ಷ ದೊಡ್ಡ ಹೆಂಗಸು. ವಾರ್ಡಿನಲ್ಲಿ ಮರಾಠಿ, ನನ್ನೊಡನೆ ಕನ್ನಡ. ಇವರ ಆಮ್ಲಜನಕ ಕಡಿಮೆ ಮಾಡಿದ ದಿನ ಮೆಟ್ಟಿಲ ಹತ್ತಿರ ಸಿಕ್ಕರು. ನಾನು ಕೇಳಿದೆ, "ಇಬ್ಬರಿಗೂ ಒಂದ ದಿನ ಹತ್ತಿದ್ದು. ನನಗ ನಾಲ್ಕು ದಿನದಾಗ ಹೋತು, ಇವರಿಗ್ಯಾಕ ಹಿಂಗಾತ್ರಿ?"

"ನಿಮ್ಮ ಮೈ ಮೊದಲನೇ ದಿನಾನ ಜಗಳಕ್ಕ ನಿಂತಿತು," ಎಂದರು ಅವರು. "ಹೆಂಗಸರ ಮೈಯಾಗ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಇರ್ತದಲ್ಲ, ಅದು ಮೈ ಕಾಯೋ ಕಣಗಳನ್ನ ಲಗೂನ ಎಬ್ಬಸ್ತದ. ಅದಕ್ಕ ಅಷ್ಟು ಜ್ವರ. ಗಂಡಸರ ಟೆಸ್ಟೋಸ್ಟೆರಾನ್ ಅವನ್ನ ಸ್ವಲ್ಪ ಸುಮ್ನ ಕೂಡಸ್ತದ. ಅಷ್ಟರಾಗ ವೈರಸ್ ಬೆಳೀತದ. ಆಮ್ಯಾಲೆ ತಡಾಗಿ ಎಚ್ಚರಾದ ಕಣಗಳಿಗೆ ಎಲ್ಲಿ ನಿಲ್ಲಬೇಕು ತಿಳಿಯೂದಿಲ್ಲ. ವೈರಸ್‌ನ ಕೊಲ್ಲಾಕ ಹೋಗಿ ತಮ್ಮ ಫುಪ್ಪುಸಾನ ತಾವ ಹಾಳ ಮಾಡ್ತಾವ." ನಂತರ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, "ಇದ ಒಂದ ಕಾರಣ ಅಂತ ತಿಳ್ಕೋಬ್ಯಾಡ್ರಿ ಮತ್ತ. ವಯಸ್ಸು ಅದ, ಸಕ್ಕರಿ ಅದ, ಸಿಗರೇಟ್ ಅದ, ಹುಟ್ಟಾ ಬರೋ ಕ್ರೋಮೋಸೋಮ್ ಅದ. ಪೂರಾ ಯಾರಿಗೂ ತಿಳಿದಿಲ್ಲ."

ಎರಡನೆಯ ಮಾತು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಮೊದಲನೆಯದು ಎಷ್ಟು ಚೊಕ್ಕವಾಗಿತ್ತೆಂದರೆ, ಅಷ್ಟು ದಿನ ನೋಡಿದ ಬಿಳಿ ಎದೆಗಳೆಲ್ಲ ಅದರೊಳಗೆ ಹೊಂದಿ ಕೂತವು. ಆಮೇಲೆ ನಾನು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಧಾರವಾಡದ ತಂಗಿಗೆ ಫೋನಿನಲ್ಲಿ, ಸೊಸೈಟಿಯ ಅರಿಶಿನ-ಕುಂಕುಮದಲ್ಲಿ ಕೂತ ಹೆಂಗಸರಿಗೆ ಮರಾಠಿಯಲ್ಲಿ: ಗಂಡಸರನ್ನು ನೋಡಿಕೊಳ್ಳಿ, ನಮಗೆ ಜೋರಾಗಿ ಬರುವುದಿಲ್ಲ. ಕೇಳಿದವರಿಗೆ ಖುಷಿಯಾಗುತ್ತಿತ್ತು. ಜೀವನವಿಡೀ ಹೆಣ್ಣುಮೈ ಎಂದರೆ ತೊಂದರೆ ಎಂದು ಕೇಳಿದವರಿಗೆ, ಆ ಮೈಯೇ ಕಾಯುತ್ತದೆ ಎಂಬ ಮಾತು ಹಬ್ಬದಂತೆ. ನನಗೂ ಹಾಗೇ ಇತ್ತು.

ಎರಡು ವರ್ಷ ಕಳೆದವು. ನಮ್ಮ ಸೊಸೈಟಿಯ ಹಿಂದಿನ ಬಯಲಿನಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಯಿತು. ಕಾಂಪೌಂಡಿಗೆ ತಾಗಿ ಕೆಲಸದವರ ತಗಡಿನ ಶೆಡ್ಡುಗಳು ಎದ್ದವು. ಒಂದು ಮುಂಜಾನೆ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ತಂಗಿಯನ್ನು ಬಯ್ಯುತ್ತಿದ್ದೆ. ನೀರಿನ ಕೊಡ ಸೊಂಟಕ್ಕಿಟ್ಟ ಹೆಂಗಸೊಬ್ಬಳು ನಿಂತಳು, ನಾನು ಮಾತು ಮುಗಿಸುವವರೆಗೆ ಕಾದಳು.

"ಅಕ್ಕಾ, ನೀವು ನಮ್ಮ ಕಡೀದವರೇನ್ರಿ?"

ಯಾದಗಿರಿ ಕಡೆಯವಳು. ಗಂಡ-ಹೆಂಡತಿ ಇಬ್ಬರೂ ಅಲ್ಲೇ ಕೆಲಸಕ್ಕೆ. ಇಬ್ಬರು ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. ಕೇಳಿದರೆ ವಯಸ್ಸು ಮೂವತ್ತನಾಲ್ಕು ಇರಬಹುದು ಎಂದಳು. ಎತ್ತರದ ಮೈಕಟ್ಟು. ತಲೆಯ ಮೇಲೆ ಇಟ್ಟಿಗೆ ಹೊತ್ತು ಮರದ ಇಳಿಜಾರು ಹತ್ತುವಾಗ ಒಂದು ಕೈಯನ್ನೂ ಮೇಲಕ್ಕೆ ಎತ್ತುತ್ತಿರಲಿಲ್ಲ. ನಮ್ಮ ಸೊಸೈಟಿಯ ನಲ್ಲಿಯಿಂದ ನೀರು ಹಿಡಿಯಲು ವಾಚ್‌ಮನ್ ಬಿಡುತ್ತಿರಲಿಲ್ಲ. ನಾನು ಹೇಳಿ ಬಿಡಿಸಿದೆ. ಅಂದಿನಿಂದ ಭಾನುವಾರ ಮಧ್ಯಾಹ್ನ ಆಕೆ ಬರುವುದು, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುವುದು ರೂಢಿಯಾಯಿತು. ನನ್ನ ಕನ್ನಡಕ್ಕೆ ನಗುತ್ತಿದ್ದಳು. ಅದು ಪುಸ್ತಕದ್ದಂತೆ, ಮಧ್ಯೆ ಮಧ್ಯೆ ಮರಾಠಿ ಹಾಕಿದ್ದಂತೆ.

ಜನವರಿಯ ಒಂದು ಭಾನುವಾರ ನಾನು ಸ್ವೆಟರ್ ಹಾಕಿ ಕೂತಿದ್ದೆ. ಚಹಾ ಕುಡಿಯುತ್ತಿದ್ದವಳು ತಟ್ಟನೆ ಲೋಟ ಕೆಳಗಿಟ್ಟು ಸೆರಗಿನಿಂದ ಗಾಳಿ ಹಾಕಿಕೊಂಡಳು. ಕತ್ತು, ಮೇಲ್ದುಟಿ ಬೆವರಿ ಹೊಳೆಯುತ್ತಿದ್ದವು.

"ಏನಾತು?" ಎಂದೆ.

"ಏನಿಲ್ರಿ ಅಕ್ಕಾ. ಒಮ್ಮಿಗೇ ಮೈಯಾಗ ಬೆಂಕಿ ಹತ್ತಿದಂಗ ಆಗ್ತದ. ತಾನೇ ಹೋಗ್ತದ."

ಫ್ಯಾನ್ ಹಾಕಿದೆ. ಮತ್ತೇನೂ ಕೇಳಲಿಲ್ಲ. ಐವತ್ತು ಮುಟ್ಟಿದ ಹೆಂಗಸರು ಹಾಗೆ ಸೆರಗು ಬೀಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೂವತ್ತನಾಲ್ಕರ ಈಕೆಗೆ ಅದು ಯಾಕೆ ಎಂಬ ಪ್ರಶ್ನೆ ಏಳಲೇ ಇಲ್ಲ.

ಅದೇ ಚಳಿಗಾಲದಲ್ಲಿ ಊರಲ್ಲಿ ಜ್ವರ ಹಬ್ಬಿತು. ಇದು ಕೋವಿಡ್ ಅಲ್ಲ, ಫ್ಲೂ; ಹಿಂದೆ ಹಂದಿಜ್ವರ ಎಂದು ಹೆದರಿಸಿದ್ದರ ಪೈಕಿಯದು. ನಮ್ಮ ಕೋಣೆಯ ಹೊರಗೆ ಬೆಂಚು ಮತ್ತೆ ತುಂಬಿತು. ಶೆಡ್ಡುಗಳಲ್ಲೂ ಕೆಮ್ಮು ಕೇಳಿಸುತ್ತಿತ್ತು. ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಹಾಕುವಾಗ ಕೆಳಗಿನಿಂದ ಒಂದರ ಹಿಂದೆ ಒಂದು ಕೆಮ್ಮು. ಒಂದು ದಿನ ಆಕೆ ಗೇಟಿಗೆ ಬಂದಳು. ಗಂಡನಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಏನು ಮಾಡಲಿ?

"ಅವನ್ನ ಕರಕೊಂಡು ಈಗಲೇ ಆಸ್ಪತ್ರಿಗೆ ಬಾ," ಎಂದೆ. "ಗಂಡಸರದು ಕಾಯಬಾರದು."

ಬಂದರು. ಗಂಡ ತೆಳ್ಳಗಿನ, ಮಾತಿಲ್ಲದ ಮನುಷ್ಯ, ದವಡೆಯಲ್ಲಿ ತಂಬಾಕು. ಚೀಟಿ ಮಾಡಿಸಿ, ಸಾಲು ತಪ್ಪಿಸಿ, ನಾನೇ ಫಿಲ್ಮ್ ತೆಗೆದೆ. ಎದೆ ಸ್ವಚ್ಛವಾಗಿತ್ತು. ಡಾಕ್ಟರು ಮಾತ್ರೆ ಬರೆದರು. ಹೊರಗೆ ಬಂದರೆ ಆಕೆ ಬೆಂಚಿನ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು, ಸಣ್ಣ ಕೆಮ್ಮು.

"ನಿನಗೂ ಬಂತಾ?"

"ಹೌದ್ರಿ. ಜ್ವರ ಇಲ್ರಿ ನನಗ. ಬರೇ ಮೈ ಸತ್ತಂಗ ಆಗ್ಯಾದ." ನಾನು ಒಳಗೆ ಹೋಗಲು ತಿರುಗಿದೆ. ಆಕೆ ನನ್ನ ಕೋಟಿನ ತುದಿ ಹಿಡಿದಳು. "ಅಕ್ಕಾ, ನಂದೂ ಒಂದು ಫೋಟೋ ತೆಗಿತೀರೇನ್ರಿ?"

ಬೆಂಚಿನ ಮೇಲೆ ಇನ್ನೂ ಹದಿನಾಲ್ಕು ಜನ ಇದ್ದರು. ನಾನು ಊಟ ಮಾಡಿರಲಿಲ್ಲ. ಇವೆಲ್ಲ ನಿಜ. ಆದರೆ ಅವು ಕಾರಣವಲ್ಲ. ನನಗೆ ಗೊತ್ತು ಎಂಬ ಖಾತ್ರಿ ಇತ್ತು, ಅದೇ ಕಾರಣ.

"ನಿನಗ್ಯಾಕ? ವಯಸ್ಸಾಗಿಲ್ಲ, ಸಕ್ಕರಿ ಇಲ್ಲ, ಬಸರಿಲ್ಲ. ಹೆಂಗಸರಿಗೆ ಇದು ಜೋರಾಗಿ ಬರೂದಿಲ್ಲ. ಎರಡು ದಿನ ಬಿಸಿನೀರು ಕುಡದು ಮಲಕೋ. ಗಂಡನ್ನ ನೋಡ್ಕೋ."

ಆಕೆಯ ಮುಖದಲ್ಲಿ ಸಮಾಧಾನ ಕಂಡಿತು. ಅದನ್ನು ನಾನು ಮರೆಯಲಾರೆ. ಆಸ್ಪತ್ರೆಯ ಬಿಳಿ ಕೋಟು ಹಾಕಿದವಳು ಹೇಳಿದ್ದಾಳೆ ಎಂದ ಮೇಲೆ ಆಕೆ ನಂಬಿದಳು, ಎದ್ದಳು, ಗಂಡನ ತೋಳು ಹಿಡಿದುಕೊಂಡು ಹೋದಳು. ಜ್ವರವಿಲ್ಲ ಎಂದದ್ದನ್ನು ನಾನು ಒಳ್ಳೆಯ ಸುದ್ದಿಯೆಂದು ಕೇಳಿಸಿಕೊಂಡಿದ್ದೆ. ನನ್ನ ಗಂಡನಿಗೂ ಜ್ವರ ಇರಲಿಲ್ಲವಲ್ಲ ಎಂದು ಹೊಳೆಯಲಿಲ್ಲ.

ನಾಲ್ಕು ದಿನ ನಾನು ಆ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಮಧ್ಯಾಹ್ನ, ನನ್ನ ವಾರದ ರಜೆ, ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ ಕರೆದ. ಕೆಳಗೆ ಆಕೆಯ ಗಂಡ ನಿಂತಿದ್ದ, ಸಿಮೆಂಟಿನ ಕೈಗಳನ್ನು ಹಾಗೇ ಮುಂದೆ ಚಾಚಿಕೊಂಡು.

"ಎದ್ದೇಳವಲ್ಲಳ್ರೀ. ನೀವು ಮಲಗು ಅಂದಿದ್ರಂತ. ನಾಲ್ಕು ದಿನ ಮಲಗಿದ್ಳು, ಈಗ ಎದ್ದ ನಿಲ್ಲವಲ್ಲಳು."

ಶೆಡ್ಡಿನೊಳಗೆ ಹಗಲಲ್ಲೂ ಮಬ್ಬು. ಆಕೆ ಗೋಣಿಚೀಲದ ಮೇಲೆ ಕೂತೇ ಇದ್ದಳು, ಮಲಗಿದರೆ ಉಸಿರು ಬರುತ್ತಿರಲಿಲ್ಲ. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಒಂದು ಮಾತಿಗೆ ಮೂರು ಸಲ ಉಸಿರೆಳೆದಳು. "ಬಿಸಿನೀರು... ಕುಡದೀನ್ರಿ... ಅಕ್ಕಾ." ನಾನು ಹೇಳಿದ್ದನ್ನೇ ತಾನು ಮಾಡಿದ್ದು, ತಪ್ಪು ತನ್ನದಲ್ಲ ಎಂದು ನನಗೆ ತಿಳಿಸುತ್ತಿದ್ದಳು.

ರಿಕ್ಷಾದಲ್ಲಿ ನಾವಿಬ್ಬರೂ ಆಕೆಯ ಎರಡೂ ಕಡೆ ಕೂತು ಹಿಡಿದುಕೊಂಡೆವು. ಆಸ್ಪತ್ರೆಯಲ್ಲಿ ನನ್ನ ಸಹೋದ್ಯೋಗಿ ಫಿಲ್ಮ್ ತೆಗೆಯುತ್ತೇನೆ ಎಂದಳು. ನಾನು ಬಿಡಲಿಲ್ಲ. ರಜೆಯ ಸೀರೆಯ ಮೇಲೆಯೇ ಸೀಸದ ಏಪ್ರನ್ ಕಟ್ಟಿಕೊಂಡೆ. ಪರದೆಯ ಮೇಲೆ ಚಿತ್ರ ಮೂಡಿತು. ಮೇಲೆ ಎರಡು ಬೆರಳಗಲ ಕಪ್ಪು, ಅಷ್ಟೇ. ಉಳಿದದ್ದೆಲ್ಲ ಬಿಳಿ. ಇಂಥ ಎದೆಯನ್ನು ನಾನು ನೂರಾರು ಸಲ ನೋಡಿದ್ದೆ, ಹೆಂಗಸಿನ ಹೆಸರಿನೊಡನೆ ನೋಡಿದ್ದು ಕಡಿಮೆ.

ಎದೆರೋಗದ ಡಾಕ್ಟರು ಐ.ಸಿ.ಯು.ಗೆ ಬಂದರು. ಮುಖವಾಡದೊಳಗಿಂದ ಆಮ್ಲಜನಕ ಸುಯ್ಯೆನ್ನುತ್ತಿತ್ತು. ಆಕೆಗೆ ಮರಾಠಿ ಅಷ್ಟಾಗಿ ಬಾರದು, ಹಾಗಾಗಿ ಕನ್ನಡದಲ್ಲೇ ಕೇಳಿದರು. ಜ್ವರ ಇತ್ತೇ, ಸಕ್ಕರೆ ಇದೆಯೇ, ಬಸಿರೇ, ಕೊನೆಯ ಮುಟ್ಟು ಯಾವಾಗ?

ಆಕೆ ತಲೆ ಅಲ್ಲಾಡಿಸಿದಳು. ಗಂಡ ಹೇಳಿದ, "ಮುಟ್ಟು ಇಲ್ರಿ ಆಕಿಗಿ. ಪಿಶವಿ ತೆಗಿಸ್ಯಾದ." ಪಿಶವಿ ಎಂದರೆ ಮರಾಠಿಯಲ್ಲಿ ಚೀಲ. ಗರ್ಭಕೋಶಕ್ಕೆ ಅವರೆಲ್ಲ ಹೇಳುವುದು ಹಾಗೆ.

"ಯಾವಾಗ?"

"ಐದು ವರ್ಷ ಆತ್ರಿ. ಕಬ್ಬು ಕಡಿಲಾಕ ಬಂದಾಗ. ಹೊಟ್ಟಿ ನೋವು ಅಂತ ತೋರಸಲಾಕ ಹೋದ್ರ, ತೆಗಿಲಿಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದ್ರು. ನಮ್ಮ ಕಬ್ಬು ಕಡಿಯೋ ಟೋಳ್ಯಾಗ ಭಾಳ ಹೆಣ್ಮಕ್ಕಳು ತೆಗಿಸ್ಯಾರ್ರಿ."

ಅವನ ಹತ್ತಿರ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಮಡಚಿಟ್ಟ ಕಾಗದವೊಂದಿತ್ತು, ಯಾವುದೋ ಸಣ್ಣ ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಚೀಟಿ. ಇಂಗ್ಲಿಷಿನಲ್ಲಿತ್ತು. ಡಾಕ್ಟರು ಓದಿ ನನ್ನ ಕೈಗೆ ಕೊಟ್ಟರು. ಗರ್ಭಕೋಶವೊಂದೇ ಅಲ್ಲ, ಎರಡೂ ಅಂಡಾಶಯಗಳನ್ನೂ ತೆಗೆದಿದ್ದರು. ಇಪ್ಪತ್ತೊಂಬತ್ತರ ಹೆಣ್ಣಿಗೆ. ಅಂಡಾಶಯ ಎಂಬುದೊಂದಿದೆ, ಅದೂ ಹೋಗಿದೆ ಎಂದು ಗಂಡ-ಹೆಂಡತಿಗೆ ಯಾರೂ ಹೇಳಿರಲಿಲ್ಲ. ನಂತರ ಕೊಡಬೇಕಾದ ಹಾರ್ಮೋನ್ ಮಾತ್ರೆಯನ್ನೂ ಯಾರೂ ಬರೆದಿರಲಿಲ್ಲ. ಮುಟ್ಟು ನಿಂತರೆ ಕೆಲಸದ ದಿನಗಳು ತಪ್ಪುವುದಿಲ್ಲ ಎಂಬುದಷ್ಟೇ ಆಕೆಗೆ ತಿಳಿದದ್ದು.

ಮೈಗೆ ಈಸ್ಟ್ರೋಜೆನ್ ಕೊಡುವುದು ಅಂಡಾಶಯವೇ. ಸೆರಗು ಬೀಸಿಕೊಂಡ ಭಾನುವಾರ ಆಗ ನನಗೆ ಅರ್ಥವಾಯಿತು.

ಹೊರಗೆ ಕಾರಿಡಾರಿನಲ್ಲಿ ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ಆಕೆ ಫೋಟೋ ಕೇಳಿದ್ದು, ನಾನು ಕಳಿಸಿದ್ದು, ಯಾವ ಮಾತು ಹೇಳಿ ಕಳಿಸಿದೆ ಎಂಬುದು. ಅವರು ಪೂರ್ತಿ ಕೇಳಿದರು.

"ಒಂದು ರೋಗದಾಗ ನೋಡಿದ್ದನ್ನ ಇನ್ನೊಂದಕ್ಕ ಹಚ್ಚಿದ್ರಿ," ಎಂದರು. "ಫ್ಲೂ ಬ್ಯಾರೆ. ಇದರಾಗ ಮುಟ್ಟಾಗೋ ವಯಸ್ಸಿನ ಹೆಣ್ಣುಮಕ್ಕಳ ಮೈ ಜೋರಾಗಿ ಜಗಳ ಮಾಡ್ತದ, ಒಮ್ಮೊಮ್ಮೆ ಆ ಜೋರಿಗೇ ಸಾಯ್ತಾರ. ಬಸರಿ ಹೆಂಗಸರನ್ನ ನೋಡಿಲ್ಲೇನು ನೀವು?"

ನೋಡಿದ್ದೆ. ಅದನ್ನು ಎಷ್ಟು ಅನುಕೂಲವಾಗಿ ಮರೆತಿದ್ದೆ! ಪಿಂಪ್ರಿಯ ಒಂದು ಆಸ್ಪತ್ರೆಯಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದಾಗ, ಹಂದಿಜ್ವರ ಮೊದಲ ಸಲ ಪುಣೆಗೆ ಬಂದ ವರ್ಷ, ಏಳು ತಿಂಗಳ ಬಸುರಿಯೊಬ್ಬಳ ಹೊಟ್ಟೆಯ ಮೇಲೆ ಸೀಸದ ಏಪ್ರನ್ ಹೊದಿಸಿ ಎದೆಯ ಫಿಲ್ಮ್ ತೆಗೆದಿದ್ದೆ. ಮೂರನೆಯ ದಿನ ಆ ಮಂಚದಲ್ಲಿ ಬೇರೆಯವರಿದ್ದರು. ಹೆಣ್ಣುಮೈ ಕಾಯುತ್ತದೆ ಎಂದು ಊರಿಗೆಲ್ಲ ಹೇಳುವಾಗ ಆಕೆ ಒಮ್ಮೆಯೂ ನನ್ನ ಕಣ್ಣಮುಂದೆ ಬರಲಿಲ್ಲ.

"ಮತ್ತ ಇವಳಿಗೆ?" ಎಂದೆ. "ಇವಳಿಗೆ ಅಂಡಾಶಯ ಇಲ್ಲದ್ದಕ್ಕ ಹಿಂಗಾತೇನ್ರಿ?"

"ಆಗಿರಬಹುದು. ಅಂಡಾಶಯ ತೆಗೆದ ಇಲಿಗಳಿಗೆ ಫ್ಲೂ ಜೋರಾಗ್ತದ, ಈಸ್ಟ್ರೋಜೆನ್ ವಾಪಸ್ ಕೊಟ್ರ ತಡೀತಾವ, ಇದನ್ನ ನೋಡ್ಯಾರ. ಆದ್ರ ಇಕಿ ಇಲಿ ಅಲ್ಲ. ಸಿಮೆಂಟಿನ ಧೂಳು ಅದ, ಹೊಗಿ ಅದ, ಊಟ ಇಲ್ಲ. ಒಬ್ಬ ಮನಷ್ಯಾಳಿಗೆ ಯಾವುದರಿಂದ ಆತು ಅಂತ ನಾ ಹೇಳಲಾರೆ, ಯಾರೂ ಹೇಳಲಾರರು." ಮತ್ತೆ ಹೇಳಿದರು, "ಒಂದು ಮಾತ್ರ ಹೇಳಬಲ್ಲೆ. ಈ ಜ್ವರದ ಔಷಧ ಮೊದಲನೇ ಎರಡು ದಿನದಾಗ ಕೊಟ್ರ ಛಲೋ ಕೆಲಸ ಮಾಡ್ತದ. ನೀವು ಆವತ್ತ ಒಳಗ ಕಳಿಸಿದ್ರ ಆವತ್ತ ಶುರು ಆಗ್ತಿತ್ತು."

ಅವರು ನನ್ನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ವಾರ್ಡಿನ ಬಾಗಿಲು ತಳ್ಳಿ ಒಳಗೆ ಹೋದರು.

ಆರು ದಿನ ಆಕೆ ವೆಂಟಿಲೇಟರಿನ ಮೇಲಿದ್ದಳು. ದಿನಾ ಮುಂಜಾನೆ ನಾನು ಯಂತ್ರ ತಳ್ಳಿಕೊಂಡು ಹೋಗಿ ಫಿಲ್ಮ್ ತೆಗೆಯುತ್ತಿದ್ದೆ. ಮೂರು ದಿನ ಬಿಳಿ ಕದಲಲಿಲ್ಲ. ಗಂಡ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ಇಳಿದು ಬಂದ ಕೂಡಲೇ ಎದ್ದು ನಿಲ್ಲುತ್ತಿದ್ದ. "ಫೋಟೋ ಹ್ಯಾಂಗದ್ರಿ?" ಎಂದು ಕೇಳುತ್ತಿದ್ದ. "ಡಾಕ್ಟರು ಹೇಳ್ತಾರ," ಎನ್ನುತ್ತಿದ್ದೆ. ನನ್ನ ಮಾತಿನಿಂದ ಹೆಂಡತಿ ಇಲ್ಲಿಗೆ ಬಂದಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಆದರೂ ಮರುದಿನ ಮತ್ತೆ ನನ್ನನ್ನೇ ಕೇಳುತ್ತಿದ್ದ. ಅಲ್ಲಿ ಅವನ ಭಾಷೆ ಬಲ್ಲವರು ನಾವಿಬ್ಬರೇ, ಡಾಕ್ಟರು ಮತ್ತು ನಾನು.

ನಾಲ್ಕನೆಯ ದಿನ ಮೇಲಿನ ಕಪ್ಪು ಒಂದು ಬೆರಳಷ್ಟು ಕೆಳಗಿಳಿದಿತ್ತು. ಏಳನೆಯ ದಿನ ಉಸಿರಿನ ನಳಿಕೆ ತೆಗೆದರು. ಆಕೆ ಬದುಕಿದಳು.

ಬದುಕಿದಳು ಎಂದು ಬರೆದು ನಿಲ್ಲಿಸಬಹುದಿತ್ತು. ಮೂರು ವಾರದ ನಂತರ ವಾರ್ಡಿನ ಬಚ್ಚಲಿಗೆ ಹೋಗಿ ಬರಲು ಆಕೆಗೆ ಎರಡು ಕಡೆ ಕೂರಬೇಕಾಗುತ್ತಿತ್ತು. ಶ್ವಾಸಕೋಶದ ಕೆಳಭಾಗ ಗಾಯದ ಕಲೆಯಂತೆ ಗಟ್ಟಿಯಾಗಿತ್ತು. ಅದು ಸಡಿಲವಾದರೂ ಆದೀತು, ಆಗದೆಯೂ ಇದ್ದೀತು ಎಂದರು ಡಾಕ್ಟರು. ಸ್ತ್ರೀರೋಗದ ಡಾಕ್ಟರನ್ನು ಕರೆಸಿ ಹಾರ್ಮೋನ್ ಮಾತ್ರೆ ಬರೆಸಿದರು, ಮೂಳೆಯ ಪರೀಕ್ಷೆ ಮಾಡಿಸಿದರು. ಮೂವತ್ತನಾಲ್ಕರ ಹೆಂಗಸಿನ ಮೂಳೆಯಂತೆ ಅದು ಇರಲಿಲ್ಲ.

ಹೋಗುವ ದಿನ ನಾನು ಆಕೆಯ ಮಂಚದ ಬಳಿ ಕೂತು ಹೇಳಿದೆ, "ಅವತ್ತು ನಾನು ತಪ್ಪು ಹೇಳಿದೆ. ಫೋಟೋ ತೆಗೀಬೇಕಿತ್ತು."

ಆಕೆ ನನ್ನ ಮುಖ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದರೆ ಹಗುರಾಗುತ್ತಿತ್ತೇನೋ. "ನಮ್ಮ ಮೈಯಾಗ ಏನಿತ್ತು, ಏನ್ ತೆಗೆದ್ರು ಅಂತ ನನಗೇ ಗೊತ್ತಿದ್ದಿಲ್ಲ," ಎಂದಳು. "ನಿಮಗ ಹ್ಯಾಂಗ ಗೊತ್ತಾಗಬೇಕ್ರಿ ಅಕ್ಕಾ?" ನಂತರ ಗೋಡೆಯ ಕಡೆ ತಿರುಗಿ ಮಲಗಿದಳು.

ಕಟ್ಟಡದ ಕೆಲಸ ಆಕೆಯಿಂದ ಆಗಲಿಲ್ಲ. ಗಂಡನಿಗೆ ಕುರಕುಂಭದಲ್ಲಿ ಸರಕು ಇಳಿಸುವ ಕೆಲಸ ಸಿಕ್ಕಿತು, ಹೋದರು. ರಾಸಾಯನಿಕ ಕಾರ್ಖಾನೆಗಳ ಊರು ಅದು. ಎರಡು ತಿಂಗಳ ನಂತರ ತಪಾಸಣೆಗೆ ಬಂದಾಗ ಫಿಲ್ಮ್ ತೆಗೆದೆ. ಕೆಳಗಿನ ಬಿಳಿ ಗೆರೆಗಳು ಹಾಗೇ ಇದ್ದವು. ಅಲ್ಲಿ ಹೇಗಿದೆ ಎಂದು ಕೇಳಿದೆ. "ಕೆಲವು ದಿನ ಗಾಳಿಗೆ ವಾಸನಿ ಇರ್ತದ್ರಿ. ಬಾಗ್ಲಾ ಹಾಕ್ಕೊಂಡು ಕೂಡ್ತೀನಿ," ಎಂದಳು. ಮಾತ್ರೆ ಮುಗಿದಿತ್ತು, ಬೇರೆ ತೆಗೆದುಕೊಂಡಿರಲಿಲ್ಲ. ನಾನು ತಂದು ಕೊಟ್ಟೆ, ಬಿಡಬೇಡ ಎಂದೆ. ಮುಂದಿನ ತಪಾಸಣೆಗೆ ಬರಲಿಲ್ಲ. ಫೋನ್ ಮೊದಲು ರಿಂಗಾಗುತ್ತಿತ್ತು, ಈಗ ಆ ನಂಬರೇ ಇಲ್ಲ ಎನ್ನುತ್ತದೆ. ಒಮ್ಮೆ ನನ್ನ ಗಂಡನೊಡನೆ ಕುರಕುಂಭಕ್ಕೆ ಹೋಗಿ ವಿಚಾರಿಸಿ ಬಂದೆ. ಕೆಲಸದವರ ಸಾಲುಮನೆಗಳಲ್ಲಿ ಯಾರೋ, ಅವರು ಊರಿಗೆ ಹೋದರು ಎಂದರು. ಇನ್ನೊಬ್ಬರು, ಊರಿಗಲ್ಲ, ಆಸ್ಪತ್ರೆಗೆ ಎಂದರು. ಯಾವ ಆಸ್ಪತ್ರೆ ಎಂದರೆ ಗೊತ್ತಿಲ್ಲ.

ಮರುವರ್ಷ ನನ್ನ ಗರ್ಭಕೋಶದಲ್ಲೇ ಗಡ್ಡೆಗಳು ಬೆಳೆದು ರಕ್ತಸ್ರಾವ ಹೆಚ್ಚಾಯಿತು. ಶಸ್ತ್ರಚಿಕಿತ್ಸೆಯ ಡಾಕ್ಟರು, ಒಳ್ಳೆಯ ಮನುಷ್ಯ, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕೊನೆಗೆ, ನಿಮಗೆ ನಲವತ್ತಾರು ಆಯಿತಲ್ಲ, ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದುಬಿಡೋಣವೇ, ಮುಂದೆ ಚಿಂತೆಯಿರುವುದಿಲ್ಲ ಎಂದು ಮರಾಠಿಯಲ್ಲಿ ಕೇಳಿದರು. ಅವರು ಕೇಳಿದರು, ನಾನು ಬೇಡ ಎನ್ನಬಹುದಿತ್ತು, ಬೇಡ ಎಂದೆ. ಸಹಿ ಹಾಕುವಾಗ ಕಾಗದದ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ನನ್ನ ಗಂಡ ಪಕ್ಕದಲ್ಲಿ ಕೂತು, "ಪರೀಕ್ಷಾ ಪೇಪರ್ ಅಲ್ಲ ಅದು," ಎಂದರು. ನನಗೆ ನಗು ಬರಲಿಲ್ಲ.

ಉಳಿಸಿಕೊಂಡೆ, ನಿಜ. ಆದರೆ ಉಳಿಸಿಕೊಂಡದ್ದು ಎಷ್ಟು ದಿನ ಕೆಲಸ ಮಾಡೀತು? ಈ ವರ್ಷ ಅಡುಗೆಮನೆಯಲ್ಲಿ, ಲಿಫ್ಟಿನಲ್ಲಿ, ಏಪ್ರನ್ ಕಟ್ಟಿಕೊಳ್ಳುವಾಗ ಒಮ್ಮೆಲೇ ಕತ್ತಿನಿಂದ ಬಿಸಿ ಏರುತ್ತದೆ. ಒಂದು ನಿಮಿಷ ನಿಂತು ಹೋಗುತ್ತದೆ.

ಮಳೆಗಾಲ ಮುಗಿದ ಮೇಲೆ ಆಸ್ಪತ್ರೆಯಲ್ಲಿ ನಮಗೆಲ್ಲ ಫ್ಲೂ ಲಸಿಕೆ ಹಾಕುತ್ತಾರೆ. ಪ್ರತಿ ವರ್ಷ ನನಗೆ ಅದರಿಂದ ಎರಡು ದಿನ ಮಲಗುವಂತಾಗುತ್ತಿತ್ತು. ತೋಳು ಬಾತು ಕೈ ಎತ್ತಲಾಗುತ್ತಿರಲಿಲ್ಲ, ಮೈಯೆಲ್ಲ ಜ್ವರ. ಅದಕ್ಕೆಂದೇ ಮೊದಲೇ ರಜೆ ಬರೆದಿಡುತ್ತಿದ್ದೆ. ಈ ಸಲವೂ ಬರೆದಿಟ್ಟೆ, ಮನೆಗೆ ಬಂದು ಮಾತ್ರೆ, ನೀರು ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಸಂಜೆಯಾಯಿತು. ಚುಚ್ಚಿದ ಜಾಗವನ್ನು ಒತ್ತಿ ನೋಡಿದೆ. ನೋವಿಲ್ಲ.

ಇವರು ಚಹಾ ತಂದು ಹಣೆಯ ಮೇಲೆ ಕೈಯಿಟ್ಟರು. "ಮೈ ತಣ್ಣಗದ. ಈ ಸಲ ಏನೂ ಆಗೇ ಇಲ್ಲಲ್ಲ, ಛಲೋ ಆತು."

ವಯಸ್ಸಿನಿಂದ ಹೀಗಾಗುತ್ತದೆ, ಇದಕ್ಕೆ ಅರ್ಥ ಹುಡುಕಬೇಡಿ ಎಂದು ಎದೆರೋಗದ ಡಾಕ್ಟರು ಹೇಳಿಯಾರು. ಹೇಳಿದರೆ ನಂಬುತ್ತೇನೆ, ಅವರು ಹೇಳುವ ಎರಡನೆಯ ಮಾತನ್ನೂ ಈಗ ಕೇಳಿಸಿಕೊಳ್ಳುತ್ತೇನೆ. ಆದರೂ ಥರ್ಮಾಮೀಟರ್ ತರಿಸಿಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಕೆಳಗಿನ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಅಂಕಿ ಏರಲಿ, ಮೈ ಹಿಂದಿನಂತೆ ಜಗಳಕ್ಕೆ ನಿಲ್ಲಲಿ ಎಂದು ನಾನು ಕಾಯುತ್ತ ಕೂತೆ. ಏರಲಿಲ್ಲ.